ಚಿರತೆ ಕಾಲದಲ್ಲಿ ಗಬ್ಬದ ಹಸು

ನಮ್ಮೂರಿಗೆ ಚಿರತೆ ತಿಂಗಳಿಗೊಂದು ಸಲ ಬಂದರೆ, ಚಿರತೆಯ ಭಯ ದಿನಕ್ಕೆ ನಾಲ್ಕು ಸಲ ಬರುತ್ತದೆ. ಬಂದಾಗಲೆಲ್ಲ ಯಾರದಾದರೂ ಮಾನ ತೆಗೆದೇ ಹೋಗುತ್ತದೆ. ಹೆಚ್ಚಾಗಿ ನನ್ನದು.

ನಾನು ಚನ್ನಪಟ್ಟಣದ ಕಡೆಯ ಗೊಂಬೆ ಕೆಲಸದವನು. ಹಾಲೆಮರದ ತುಂಡನ್ನು ಲೇತಿಗೆ ಕೊಟ್ಟು, ಅರಗಿನ ಬಣ್ಣ ಹಿಡಿಸಿ ಗೊಂಬೆ ಮಾಡುತ್ತೇನೆ. ಮನೆ ಕಾಡಂಚಿನಲ್ಲಿ. ಗೊಂಬೆಗೆ ಗಿರಾಕಿ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಸಂಸಾರ ನಡೆಯುವುದು ಒಂದೇ ಒಂದು ಹಸುವಿನಿಂದ. ಅದು ತುಂಬಿದ ಗಬ್ಬ. ಎದುರುಮನೆಯವನ ಎರಡು ಮೇಕೆಗಳನ್ನು ಚಿರತೆ ಹಟ್ಟಿಯಿಂದಲೇ ಎತ್ತಿಕೊಂಡು ಹೋದ ಮೇಲೆ, ನನಗೂ ನನ್ನ ಹೆಂಡತಿಗೂ ಅನ್ನ ಸೇರುತ್ತಿರಲಿಲ್ಲ.

ಮಂಕರಿ ಕೆಳಗಿನ ಹೆಜ್ಜೆ

ಒಂದು ಬೆಳಗ್ಗೆ ನಮ್ಮ ಕೊಟ್ಟಿಗೆ ಮುಂದೆಯೇ ಹೆಜ್ಜೆ ಗುರುತು! ಎದುರುಮನೆಯವನು ಅದರ ಮೇಲೆ ಬಿದಿರಿನ ಮಂಕರಿ ಕವುಚಿ, ಯಾರೂ ತುಳಿಯದಂತೆ ಕಾವಲು ಕೂತ. ಊರೆಲ್ಲ ಸೇರಿತು. ಮಧ್ಯಾಹ್ನ ಫಾರೆಸ್ಟ್ ಗಾರ್ಡು ಬಂದು, ಮಂಕರಿ ಎತ್ತಿ, ಬಗ್ಗಿ ನೋಡಿ, "ಉಗುರು ಮೂಡಿದೆ ನೋಡ್ರಿ. ಚಿರತೆ ಉಗುರು ಒಳಗಿಟ್ಕೊಂಡು ನಡೆಯೋದು. ಇದು ನಾಯಿ," ಎಂದ.

ನಮಗೆ ಜೀವ ಬಂತು. ಎದುರುಮನೆಯವನ ಮುಖ ಮಾತ್ರ ಇನ್ನಷ್ಟು ಬಿಳಿಚಿತು.

"ಹಂಗಾರೆ ಚಿರ್ತೆ ಹೆಜ್ಜೆನೂ ಬುಡದಂಗೆ ಓಡಾಡ್ತಾ ಐತಾ ಸಾ? ಅಯ್ಯಯ್ಯೋ, ಇದು ಇನ್ನೂ ಡೇಂಜರ್ರು!"

ಬೆನ್ನ ಹಿಂದಿನ ಮುಖ

ಅದೇ ಗಾರ್ಡು ಹೋಗುವಾಗ ಒಂದು ಮಾತು ಹೇಳಿದ: "ಬಗ್ಗಿ ಹುಲ್ಲು ಕುಯ್ಯೋವಾಗ ಹುಷಾರು. ಅದು ಹಿಂದಿನಿಂದಾನೇ ಬರೋದು, ಮುಖ ಕಂಡ್ರೆ ಬರಲ್ಲ."

ಅವತ್ತಿನಿಂದ ನನಗೆ ಹುಲ್ಲು ಕುಯ್ಯುವುದೇ ಕಷ್ಟವಾಯಿತು. ಒಂದು ಹಿಡಿ ಕುಯ್ದರೆ ಮೂರು ಸಲ ತಿರುಗಿ ನೋಡುವುದು. ಗಬ್ಬದ ಹಸು ಅರೆಹೊಟ್ಟೆಯಲ್ಲಿ ನಿಂತಿತು. ಕೊನೆಗೆ ಒಂದು ಉಪಾಯ ಹೊಳೆಯಿತು. ದಪ್ಪ ಹಾಲೆಮರದ ತುಂಡನ್ನು ಬಟ್ಟಲಿನ ಹಾಗೆ ಕಡೆದು, ಕಣ್ಣು ಮೂಗು ಬರೆದು, ತಲೆಯ ಹಿಂದೆ ಕಟ್ಟಿಕೊಳ್ಳಲು ಒಂದು ಮುಖ ಮಾಡಿದೆ. ಭಯಂಕರವಾಗಿರಲಿ ಎಂದೇ ಕೂತಿದ್ದು. ಆದರೆ ಮೂವತ್ತು ವರ್ಷ ಮಕ್ಕಳ ಗೊಂಬೆಗೆ ನಗು ಬರೆದ ಕೈ. ಸಿಟ್ಟು ಬರೆಯಲು ಹೋದರೂ ತುಟಿ ತಾನಾಗಿ ಮೇಲಕ್ಕೆ ಹೋಯಿತು. ಕೆನ್ನೆಗೆ ಅಭ್ಯಾಸಬಲದಿಂದ ಕೆಂಪೂ ಬಿತ್ತು. ಮೀಸೆ ಇಟ್ಟು ನೋಡಿದೆ, ಮದುವೆ ಗಂಡಿನ ಹಾಗೆ ಕಂಡಿತು.

ಅದನ್ನೇ ಕಟ್ಟಿಕೊಂಡು ಕುಡುಗೋಲು ಹಿಡಿದು ಹೊರಟೆ. ಹಿಂದಿನಿಂದ ಹೆಂಡತಿ ಕೂಗಿದಳು: "ಅಲ್ಲ ಕಣಯ್ಯಾ, ಇದನ್ನ ಚಿರ್ತೆ ಹೆದ್ರುಕೊಳ್ಲಿ ಅಂತ ಮಾಡಿದ್ಯೋ, ನಿಂತು ಮಾತಾಡ್ಸಲಿ ಅಂತ ಮಾಡಿದ್ಯೋ?"

ಬೋನು

ಆಮೇಲೆ ಅರಣ್ಯದವರು ನಮ್ಮ ಹೊಲದ ಬದುವಿನ ಹತ್ತಿರ ಬೋನು ತಂದಿಟ್ಟರು. ಅದರ ಹಿಂದಿನ ಖಾನೆಯಲ್ಲಿ, ಕಂಬಿಯ ಆಚೆ, ಎದುರುಮನೆಯವನದೇ ಇನ್ನೊಂದು ಮೇಕೆ.

ಮೂರನೇ ದಿನ ಸಂಜೆ ಹಾಲಿನ ಡೈರಿಯಿಂದ ಹಿಂಡಿ ತಂದು ನೋಡಿದರೆ ಕೊಟ್ಟಿಗೆಯಲ್ಲಿ ಹಸು ಇಲ್ಲ. ಹಗ್ಗ ಕಿತ್ತುಕೊಂಡು ಹೋಗಿದೆ. ಕರು ಹಾಕುವ ಹೊತ್ತಿಗೆ ಹಸು ಮರೆ ಹುಡುಕಿಕೊಂಡು ಹೋಗುತ್ತದೆ. ಮರೆ ಎಂದರೆ ಲಾಂಟಾನ ಪೊದೆ, ಪೊದೆ ಎಂದರೆ ಚಿರತೆ. ದೊಣ್ಣೆ ಹಿಡಿದು ಓಡಿದೆ. ಬೋನಿನ ಹತ್ತಿರ ಬರುವಷ್ಟರಲ್ಲಿ ಪಕ್ಕದ ಪೊದೆ ಅಲ್ಲಾಡಿತು. ಒಳಗಿಂದ 'ಹೂಂ... ಹೂಂ...' ಎಂದು ಮುಲುಗು. ದೊಣ್ಣೆ ಎಲ್ಲಿ ಬಿತ್ತೋ! ಎದುರಿಗೆ ತೆರೆದ ಬಾಗಿಲು ಕಂಡಿತು, ನುಗ್ಗಿದೆ. ಬಾಗಿಲು ಧಡಾರನೆ ಬಿತ್ತು.

ಪೊದೆಯಿಂದ ಹೊರಬಂದದ್ದು ನನ್ನ ಹಸು. ಹಿಂದೆಯೇ ತಟ್ಟಾಡುತ್ತ ಒದ್ದೆ ಕರು. ನಾನು ಕಂಬಿ ಹಿಡಿದು ಅತ್ತುಬಿಟ್ಟೆ.

ಹೆಂಡತಿಗೆ ಫೋನ್ ಮಾಡಿದೆ. "ಹಸ ಸಿಕ್ತು ಕಣೇ, ಕರಾನೂ ಹಾಕೈತೆ."

"ಹಂಗೇ ಹೊಡ್ಕೊಂಡ್ ಬಾ ಮತ್ತೆ."

"ಬರಕ್ಕಾಗಲ್ಲ. ಬೋನೊಳ್ಗೆ ಇವ್ನಿ."

ಐದೇ ನಿಮಿಷಕ್ಕೆ ಊರೇ ಬಂತು. ಹೆಂಡತಿ ಸೀದಾ ಕರುವಿನ ಬಾಲ ಎತ್ತಿ ನೋಡಿ, "ಹೆಣ್ಗರ!" ಎಂದು ಕುಣಿದಳು. ಆಮೇಲೆ ನನ್ನ ಕಡೆ ತಿರುಗಿದಳು. ನಾಲ್ವರು ಎತ್ತಿದರೂ ಬಾಗಿಲು ಜಗ್ಗಲಿಲ್ಲ, ಅದರ ಕೊಂಡಿ ಬಿಡಿಸುವುದು ಗಾರ್ಡಿಗೆ ಮಾತ್ರ ಗೊತ್ತು. ಗಾರ್ಡು ಆನೆ ಓಡಿಸಲು ಕನಕಪುರದ ಕಡೆ ಹೋಗಿದ್ದ, ಬರಲು ಒಂದು ಗಂಟೆ. ಹೊತ್ತು ಮುಳುಗುತ್ತಿತ್ತು. ಎದುರುಮನೆಯವನು ಕರುವನ್ನು ಹೆಗಲಿಗೇರಿಸಿದ, ಅದರ ಹಿಂದೆ ಹಸು, ಹಸುವಿನ ಹಿಂದೆ ಎಲ್ಲರೂ ಹೊರಟರು.

"ಲೇ, ನನ್ನೊಬ್ಬನ್ನೇ ಬುಟ್ಟೋಯ್ತೀರೇನ್ಲಾ?"

"ಬೋನೊಳ್ಗಿರೋನ್ಗೆ ಏನ್ಲಾ ಭಯ? ಹೊರಗಿರೋರು ನಾವು ಕಣ್ಲಾ!" ಎಂದು ಎದುರುಮನೆಯವನು ಓಡಿಯೇ ಬಿಟ್ಟ.

ಅವರು ಹೋಗಿ ಹತ್ತು ನಿಮಿಷವಾಗಿಲ್ಲ, ಬಂತು. ನಿಜವಾದ ಚಿರತೆ. ಸದ್ದೇ ಇಲ್ಲ. ಹಸು ಕರು ಹಾಕಿದ ಜಾಗ ಮೂಸಿತು, ಬೋನನ್ನು ಒಂದು ಸುತ್ತು ಹಾಕಿತು, ಬಾಗಿಲ ಮುಂದೆ ಬಂದು ಕೂತಿತು. ಮೇಕೆ ಹಿಂದಿನ ಮೂಲೆಗೆ ಒತ್ತಿಕೊಂಡಿತು, ನಾನೂ ಒತ್ತಿಕೊಂಡೆ. ಪಂಜದಿಂದ ಬಾಗಿಲನ್ನು ಒಂದು ಸಲ ತಟ್ಟಿ ನೋಡಿತು. ನನ್ನ ಪಂಚೆ ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ. ದೂರದಲ್ಲಿ ಜೀಪಿನ ಸದ್ದಾದಾಗ ಎದ್ದು ಹೋಯಿತು.

ಬಾಗಿಲು ಎತ್ತಿದ ಗಾರ್ಡು ನಡೆದದ್ದನ್ನು ಕೇಳಿ ತಲೆ ಚಚ್ಚಿಕೊಂಡ: "ಏನ್ರೀ ನೀವು! ನೀವೊಬ್ರು ಒಳಗಿಲ್ದಿದ್ರೆ ಇವತ್ತು ಅದು ಬೀಳ್ತಿತ್ತಲ್ರೀ!"

ಮನೆಗೆ ಬಂದು ಹೆಂಡತಿಗೆ ಹೇಳಿದೆ: "ಚಿರ್ತೆ ಬಂದಿತ್ತು ಕಣೇ. ಒಂದೇ ಮಾರು ದೂರ! ಬಾಗ್ಲು ತಟ್ತು!"

ಅವಳ ಮುಖ ಬಿಳಿಚಿತು. ಕಣ್ಣಲ್ಲಿ ನೀರು ಬಂತು. ಎರಡೂ ಕೈ ಜೋಡಿಸಿ ಮೇಲೆ ನೋಡಿದಳು.

"ದೇವ್ರು ದೊಡ್ಡೋನು ಕಣಯ್ಯಾ! ಅಲ್ಲಿ ನೀನಿದ್ದೆ, ಸರೋಯ್ತು. ಹಸ ಇದ್ದಿದ್ರೆ ನಮ್ ಗತಿ ಏನು!"