ಅಲುಗಾಡದ ಕೋಣೆ

ಎಲ್ಲ ರಗಳೆಗೂ ಮೂಲ ಕೂದಲೆಳೆಯಷ್ಟು ದಪ್ಪದ ಒಂದು ಮುಳ್ಳು. ಯಂತ್ರದ ಕಂಪನಿಯ ಎಂಜಿನಿಯರ್ ತಂದಿದ್ದ, ಕಂಪನ ಅಳೆಯುವ ಮೀಟರಿನ ಆ ಮುಳ್ಳು ಬೆಳಗ್ಗೆ ಹತ್ತು ಗಂಟೆಗೆ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದ ಮೂಲೆ ಕೋಣೆಯಲ್ಲಿ ನಡುಗಿತು. ಜೊತೆಗೆ ಪ್ರೊಫೆಸರರ ಜೀವವೂ ನಡುಗಿತು.

"ನೆಲ ಅದುರ್ತಿದೆ ಸಾರ್," ಎಂದ ಎಂಜಿನಿಯರ್. "ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಇದು ಭೂಕಂಪ ಇದ್ದಂಗೆ. ನಾಲ್ಕು ಗಂಟೆಗೆ ಮತ್ತೆ ನೋಡ್ತೀನಿ. ಆಗ್ಲೂ ಹೀಗೇ ಇದ್ರೆ ಲಾರಿ ಪಟ್ಟೀಲಿರೋ ಮುಂದಿನ ಕಾಲೇಜಿಗೆ ಹೋಗುತ್ತೆ."

ಲಾರಿ ಕೆಳಗೇ ನಿಂತಿತ್ತು. ಹನ್ನೊಂದು ವರ್ಷ ಅರ್ಜಿ ಬರೆದು ಬರೆದು ಪ್ರೊಫೆಸರರ ತಲೆ ಬೋಳಾದ ಮೇಲೆ ಬಂದ ಯಂತ್ರ ಅದರೊಳಗಿತ್ತು. ಹೂವಿನ ಪರಾಗದ ಮೇಲೆ ಅವರ ಸಂಶೋಧನೆ. ಒಂದು ಕಣದ ಮೈಮೇಲೆ ಎಷ್ಟೆಲ್ಲ ಚೆಲುವಿದೆ ಎಂದು ಪ್ರತಿ ವರ್ಷ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದರು. ಚಿತ್ರಕಲೆ ಅವರಿಗೆ ಒಲಿದಿರಲಿಲ್ಲ. ವಿದ್ಯಾರ್ಥಿಗಳು ಅದನ್ನು ಮುಳ್ಳುಹಂದಿ ಎಂದು ತಿಳಿದು ಪರೀಕ್ಷೆಯಲ್ಲೂ ಹಾಗೇ ಬರೆದು ಬರುತ್ತಿದ್ದರು. ಒಂದು ಸಲವಾದರೂ ನಿಜವಾದದ್ದನ್ನು ಅವರ ಕಣ್ಣಿಗೆ ತೋರಿಸಬೇಕೆಂಬುದೇ ಪ್ರೊಫೆಸರರ ಆಸೆ.

ಮೊದಲು ಲಿಫ್ಟ್ ನಿಲ್ಲಿಸಿದರು. ಆಮೇಲೆ ಏದುಸಿರು ಬಿಡುತ್ತಾ ಮಹಡಿ ಹತ್ತಿದರು. ಅಲ್ಲಿ ವ್ಯಾಯಾಮದ ಮೇಡಂ ಅರವತ್ತು ಹುಡುಗಿಯರಿಂದ ಹಗ್ಗದಾಟ ಆಡಿಸುತ್ತಿದ್ದರು.

"ಮೇಡಂ, ಇವತ್ತೊಂದಿನ ಹಾರೋದು ಬೇಡ."

"ಹಾರದೆ ಹಗ್ಗದಾಟ ಹೇಗ್ರೀ ಆಡೋದು?"

"ಹಗ್ಗ ತಿರುಗಿಸ್ಲಿ. ಹಾರಿದ್ವಿ ಅಂತ ಮನಸ್ಸಲ್ಲೇ ಅಂದ್ಕೊಳ್ಲಿ."

ಕೆಳಗಿಳಿದರೆ ಹೆಡ್ ಕ್ಲರ್ಕ್ ಕಾಗದಗಳ ಮೇಲೆ ಮುದ್ರೆ ಕುಟ್ಟುತ್ತಿದ್ದ. ಪ್ರೊಫೆಸರರು ಕೈಮುಗಿದು, "ಕುಟ್ಬೇಡಪ್ಪ, ಮೆಲ್ಲಗೆ ಒತ್ತು," ಎಂದರು. ಅಷ್ಟರಲ್ಲಿ ರಸಾಯನಶಾಸ್ತ್ರದ ಮುಖ್ಯಸ್ಥೆ ಯಾರೂ ಕೇಳದಿದ್ದರೂ ಸಲಹೆ ಹಿಡಿದು ಬಂದರು.

"ಹಾಸ್ಟೆಲ್ ಹಾಸಿಗೆ ತರಿಸಿ ಕಾರಿಡಾರಿಗೆ ಹಾಸ್ಬಿಡಿ. ಹೆಜ್ಜೆ ಸಪ್ಪಳಾನೇ ಇರಲ್ಲ."

ನಲವತ್ತು ಹಾಸಿಗೆ ಬಂದವು. ಹೊತ್ತು ತಂದ ವಿದ್ಯಾರ್ಥಿಗಳು ಸುಸ್ತಾಗಿ ಅವುಗಳ ಮೇಲೇ ಮಲಗಿ ಗೊರಕೆ ಹೊಡೆಯತೊಡಗಿದರು. ಪ್ರೊಫೆಸರರು ಬಗ್ಗಿ ಬಗ್ಗಿ ಒಬ್ಬೊಬ್ಬನನ್ನೂ ಮಗ್ಗುಲಿಗೆ ಹೊರಳಿಸುತ್ತಿರುವಾಗ ಹೆಂಡತಿಯ ಫೋನು ಬಂತು.

"ಯಾಕ್ರೀ ಪಿಸುಗುಡ್ತಿದ್ದೀರಾ? ಪಕ್ಕದಲ್ಲಿ ಯಾರಿದ್ದಾರೆ?"

"ಎಲ್ಲಾ ಮಲಗಿದ್ದಾರೆ ಕಣೇ."

"ಎಲ್ಲಾ ಅಂದ್ರೆ ಯಾರ್ರೀ?"

ವಿವರಿಸಲು ದನಿ ಏರಿಸಬೇಕಿತ್ತು. ಸಂಸಾರಕ್ಕಿಂತ ಸೂಕ್ಷ್ಮದರ್ಶಕ ದೊಡ್ಡದು ಎಂದುಕೊಂಡು ಫೋನಿಟ್ಟರು.

ನಾಲ್ಕು ಗಂಟೆಗೆ ಕಟ್ಟಡವೇ ಉಸಿರು ಬಿಗಿಹಿಡಿದಿತ್ತು. ಎಂಜಿನಿಯರ್ ಮೀಟರ್ ಇಟ್ಟ. ಮುಳ್ಳು ಮಿಸುಕಲಿಲ್ಲ. ಕೆಟ್ಟಿದೆಯೇನೋ ಎಂದು ಮೀಟರನ್ನು ತಟ್ಟಿ ನೋಡಿದ.

"ಇಪ್ಪತ್ತು ವರ್ಷದ ಸರ್ವೀಸಲ್ಲಿ ಇಂಥಾ ಕೋಣೆ ನೋಡಿಲ್ಲ ಸಾರ್. ಯಂತ್ರ ಇಳಿಸ್ಬಹುದು."

ಪ್ರೊಫೆಸರರ ಕಣ್ಣು ತುಂಬಿತು. ಈ ವರ್ಷ ಮುಳ್ಳುಹಂದಿಯ ಕಾಟ ತಪ್ಪಿತು!

ಆಗಲೇ ಕುಲಪತಿಗಳು ಪರಿಶೀಲನೆಗೆಂದು ಬಂದರು. ಅಲ್ಲಿದ್ದ ಒಂದೇ ಕುರ್ಚಿಯಲ್ಲಿ ಕುಳಿತು ಸುತ್ತ ನೋಡಿದರು. ಕಿವಿಗೊಟ್ಟರು. ಕಣ್ಣು ಮುಚ್ಚಿದರು. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ. ಕೊನೆಗೆ ಅವರೇ ಮಗುವಿನಂತೆ ನಗುತ್ತಾ ಎದ್ದರು.

"ನನ್ನ ಚೇಂಬರಿರೋದು ಮುದ್ರಣಾಲಯದ ಮೇಲೆ. ದಿನವಿಡೀ ಗಡಗಡ. ಆರು ವರ್ಷದಲ್ಲಿ ಇವತ್ತೇ ನೋಡಿ ನೆಮ್ಮದಿಯಾಗಿ ಆಫೀಸಲ್ಲಿ ಕೂತಿದ್ದು. ನಾಳೆಯಿಂದ ನನ್ನ ಚೇಂಬರು ಇಲ್ಲೇ!"

"ಸಾರ್... ಯಂತ್ರ?" ಪ್ರೊಫೆಸರರು ಕೆಳಗಿನ ಲಾರಿಯತ್ತ ಕೈ ತೋರಿಸಿದರು.

"ವಿಜ್ಞಾನಕ್ಕೆ ಅನ್ಯಾಯ ಮಾಡ್ತೀನೇನ್ರೀ? ನನ್ನ ಹಳೇ ಚೇಂಬರು ಇದರ ಮೂರರಷ್ಟಿದೆ. ಪೂರಾ ಬಿಟ್ಟುಕೊಟ್ಟಿದ್ದೀನಿ, ತಗೊಳ್ಳಿ!"

ರಸಾಯನಶಾಸ್ತ್ರದ ಮುಖ್ಯಸ್ಥೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಎಂಜಿನಿಯರ್ ಮೀಟರ್ ಹಿಡಿದು ಹಳೇ ಚೇಂಬರಿಗೆ ಹೋಗಿ ಐದೇ ನಿಮಿಷದಲ್ಲಿ ಮರಳಿದ. ಮುಳ್ಳು ಕಿತ್ತುಹೋಗಿ ಅವನ ಅಂಗೈಯಲ್ಲಿತ್ತು. ಪ್ರೊಫೆಸರರ ಬೆನ್ನು ತಟ್ಟಿ ಮೆಟ್ಟಿಲಿಳಿದ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪ್ರೊಫೆಸರರು ಕಿಟಕಿಯ ಬಳಿ ನಿಂತು ಲಾರಿ ಹೊರಡುವುದನ್ನು ನೋಡುತ್ತಿದ್ದಾಗ ಹೆಗಲ ಮೇಲೆ ಕುಲಪತಿಗಳ ಕೈ ಬಿತ್ತು.

"ಈ ನಿಶ್ಶಬ್ದ ಎಲ್ಲಾ ನಿಮ್ಮಿಂದಲೇ ಆದದ್ದಂತೆ? ಭೇಷ್! ನಾಳೆಯಿಂದ ಬಾಗಿಲ ಹತ್ರ ಕುರ್ಚಿ ಹಾಕಿಸ್ತೀನಿ, ಇದನ್ನ ಹೀಗೇ ಕಾಪಾಡ್ಕೊಂಡು ಬನ್ನಿ. ಪಾಠ ಯಾರು ಬೇಕಾದ್ರೂ ಮಾಡ್ತಾರೆ ಬಿಡಿ."