ಕಂಬದ ಹಿಂದಿನ ತನಿಖೆ

ಶನಿವಾರ ಬೆಳಗ್ಗೆ ಏಳಕ್ಕೇ ಸ್ನಾನ ಮುಗಿಸಿ, ದೇವರಿಗೆ ಕೈಮುಗಿದು, ಮೂರು ದೋಸೆ ತಿಂದು ಹೊರಗೆ ಹೋದ ಗಂಡಸು ಮಧ್ಯಾಹ್ನ ಒಂದೂವರೆಗೆ ಬಂದವನೇ ಯಾರ ಮುಖವನ್ನೂ ನೋಡದೆ ಮತ್ತೆ ಬಚ್ಚಲಿಗೆ ನುಗ್ಗಿದರೆ ಅದಕ್ಕೆ ಏನರ್ಥ? ಹಂಸಾಗೆ ಅರ್ಥ ಗೊತ್ತಿತ್ತು. ಗೊತ್ತಿಲ್ಲದ್ದು ಆ ಹೆಂಗಸಿನ ಹೆಸರು ಮಾತ್ರ.

ಹಂಸಾ ಸುಮ್ಮಸುಮ್ಮನೆ ಅನುಮಾನ ಪಡುವವಳಲ್ಲ. ಅನುಮಾನ ಪಡುವುದು ಅವಳ ಉದ್ಯೋಗ. ಸಿಂಗಾಪುರದ ಪಾಸಿರ್ ರಿಸ್‌ನ ತನ್ನ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಂಪನಿಗಳಿಗೆ ಹೊಸದಾಗಿ ಸೇರುವವರ ಪೂರ್ವಾಪರ ತನಿಖೆ ಮಾಡುವುದು ಅವಳ ಕೆಲಸ. ಸುಳ್ಳು ಡಿಗ್ರಿ, ಸುಳ್ಳು ಅನುಭವ, ಇಲ್ಲದ ಮ್ಯಾನೇಜರ್ ಕೊಟ್ಟ ಶಿಫಾರಸು ಪತ್ರ, ಎಲ್ಲವನ್ನೂ ಇಪ್ಪತ್ತು ನಿಮಿಷದಲ್ಲಿ ಹಿಡಿದು ಹಾಕುತ್ತಾಳೆ. ಇಂಥವಳ ಕಣ್ಣಿಗೆ ಹದಿನಾರು ವರ್ಷ ಮಣ್ಣೆರಚಬಹುದು ಎಂದು ಗಂಡ ಗೋಪಿನಾಥ ಅಂದುಕೊಂಡಿದ್ದರೆ ಅದು ಅವನ ತಪ್ಪು. (ಹದಿನೈದು ವರ್ಷ ಎರಚಲಿಲ್ಲ ಎಂಬುದನ್ನು ಅವಳೂ ಒಪ್ಪುತ್ತಾಳೆ. ಅನುಮಾನ ಈ ವರ್ಷದ್ದು.)

"ಏನ್ರೀ, ಈ ಹೊತ್ತಲ್ಲಿ ಸ್ನಾನ?" ಬಾಗಿಲ ಹೊರಗಿಂದ ಕೇಳಿದಳು.

"ಸೆಖೆ."

"ದಿನಾ ಆಫೀಸಿಂದ ಬಂದಾಗ ಸೆಖೆ ಇರಲ್ವಾ?"

"ಆಫೀಸಲ್ಲಿ ಎಸಿ ಇದೆ."

"ಹಾಗಾದ್ರೆ ಇವತ್ತು ಎಸಿ ಇಲ್ಲದ ಜಾಗಕ್ಕೆ ಹೋಗಿದ್ರಿ."

ಒಳಗೆ ನಲ್ಲಿ ಇನ್ನಷ್ಟು ಜೋರಾಯಿತು. ಉತ್ತರ ಹೊಳೆಯದಿದ್ದಾಗ ನಲ್ಲಿ ತಿರುಗಿಸುವುದು ಗೋಪಿನಾಥನ ಹಳೆಯ ಅಭ್ಯಾಸ.

ಅವನು ಬಚ್ಚಲಿನಲ್ಲಿದ್ದಾಗ ಹಂಸಾ ಕುರ್ಚಿಯ ಮೇಲಿದ್ದ ಅವನ ಪ್ಯಾಂಟನ್ನು ಒಗೆಯಲು ತೆಗೆದುಕೊಂಡಳು. (ಒಗೆಯಲಿಕ್ಕೇ. ಜೇಬಿಗೆ ಕೈ ಹೋದದ್ದು ಅಭ್ಯಾಸಬಲ.) ಜೇಬಿನಲ್ಲಿ ಸಿಕ್ಕಿದ್ದು ಒಂದು ಗೇಣುದ್ದದ ಕೆಂಪು ದಾರ. ಶರ್ಟು ಮೂಸಿದರೆ ಸೆಂಟಿನ ವಾಸನೆಯಲ್ಲ, ಊದುಬತ್ತಿಯ ವಾಸನೆ. ಗೋಪಿನಾಥ ತಾನಾಗಿ ದೇವಸ್ಥಾನಕ್ಕೆ ಹೋದದ್ದು ಯಾವ ಕಾಲದಲ್ಲೂ ಇಲ್ಲ. ಹಂಸಾ ನೇರ ಕೌಸಲ್ಯಾಗೆ ಫೋನ್ ಹಚ್ಚಿದಳು.

ಕೌಸಲ್ಯಾ ಅದೇ ಬ್ಲಾಕಿನ ಒಂಬತ್ತನೇ ಮಹಡಿಯವಳು. ಸಿಂಗಾಪುರದ ಅರ್ಧ ಕನ್ನಡಿಗರ ಸಂಸಾರ ಅವಳ ಸಲಹೆಯ ಮೇಲೆ ನಡೆಯುತ್ತದೆ, ಇನ್ನರ್ಧ ಅವಳ ಸಲಹೆಯಿಂದ ನಿಂತಿದೆ.

"ಕೆಂಪು ದಾರ, ಊದುಬತ್ತಿ, ಮನೆಗೆ ಬಂದ ತಕ್ಷಣ ಸ್ನಾನ," ಕೌಸಲ್ಯಾ ಒಂದೊಂದಾಗಿ ಎಣಿಸಿದಳು. "ಹಂಸಾ, ಇದು ಎರಡರಲ್ಲಿ ಒಂದು ಕಣೇ. ಒಂದೋ ಯಾರೋ ಸ್ವಾಮಿ, ಇಲ್ಲಾ ಯಾರೋ ಹೆಂಗಸು ಮಾಟ ಮಾಡ್ಸಿದಾಳೆ. ಎರಡೂ ಒಟ್ಟಿಗೆ ಇದ್ರೂ ಇರಬಹುದು."

"ನಮ್ಮನೆಯವರಿಗೆ ಯಾರು ಮಾಟ ಮಾಡ್ಸ್ತಾರೆ?"

"ಅದನ್ನೇ ನೀನು ಫೈಂಡ್ ಔಟ್ ಮಾಡ್ಬೇಕು."

ಹದಿನಾಲ್ಕು ವರ್ಷದ ಮಗಳು ಅನಿಕಾ ಸೋಫಾದಲ್ಲಿ ಬಿದ್ದುಕೊಂಡೇ ಎಲ್ಲ ಕೇಳಿಸಿಕೊಂಡಳು. "ಅಮ್ಮ, ಅದು ಪಪ್ಪ ಲಾ. ಪಪ್ಪನ್ನ ಯಾರು ತಗೊಂಡು ಹೋಗ್ತಾರೆ?" ಎಂದಳು, ಮಾತಿಗೆ ಸಿಂಗಾಪುರದ 'ಲಾ' ಸೇರಿಸಿ. ಮಾತು ಸಮಾಧಾನದ್ದೇ, ಆದರೂ ಹಂಸಾಗೆ ತನ್ನ ಆಯ್ಕೆಯನ್ನು ಯಾರೋ ಹೀಯಾಳಿಸಿದಂತಾಯಿತು.

ಇನ್ನೊಂದು ಸಾಕ್ಷಿಯೂ ಇತ್ತು, ಎಲ್ಲಕ್ಕಿಂತ ಗಟ್ಟಿಯಾದದ್ದು. ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ವಾರವಿಡೀ ಬ್ಯಾಂಕಿನ ಕಂಪ್ಯೂಟರ್ ಕಾಯುವ ಗೋಪಿನಾಥನಿಗೆ ಶನಿವಾರ ಬಂದರೆ ಊರು ಸುತ್ತುವ ಹುಚ್ಚು. ಟೂರಿಸ್ಟುಗಳು ಹೋಗುವ ಕಡೆಗಲ್ಲ. ಯಾರೂ ಕೇಳದ ಪೇಟೆ, ಹಳೇ ಮಾರ್ಕೆಟ್ಟು, ಮುದುಕರು ಚೆಸ್ ಆಡುವ ಮೂಲೆ. "ಬಾರೇ, ಇಲ್ಲಿಯವರ ಥರ ಒಂದ್ ಸಲ ಈ ಊರು ನೋಡೋಣ" ಎಂದು ಹನ್ನೊಂದು ವರ್ಷ ಕರೆದಿದ್ದ. "ಎಲ್ಲಾ ಒಂದೇ ಥರ ಬ್ಲಾಕ್‌ಗಳು, ನಂಬರ್ ಮಾತ್ರ ಬೇರೆ. ಬಿಸಿಲು ಬೇರೆ. ನೀವು ಹೋಗಿ ಬನ್ನಿ" ಎಂದು ಹನ್ನೊಂದು ವರ್ಷ ಅವಳು ಹೇಳಿದ್ದಳು. ಈಗ ಅವನು ಕರೆಯುವುದನ್ನೇ ಬಿಟ್ಟಿದ್ದ. ಇಷ್ಟು ವರ್ಷ ಕರೆದವನು ಒಮ್ಮೆಲೇ ಬಿಟ್ಟನೆಂದರೆ ಅಲ್ಲಿ ಬೇರೆ ಯಾರೋ ಜೊತೆಗಿದ್ದಾರೆ ಎಂದೇ ಅಲ್ಲವೇ? ಈ ವಿಚಾರ ಬಂದ ರಾತ್ರಿ ಹಂಸಾ ಅತ್ತಳು. ಬೆಳಗ್ಗೆ ಎದ್ದು ಕಪ್ಪು ಕನ್ನಡಕ ಹುಡುಕಿಟ್ಟಳು.

ಮುಂದಿನ ಶನಿವಾರ ಗೋಪಿನಾಥ ಹೊರಟ ನಾಲ್ಕು ನಿಮಿಷಕ್ಕೆ ಅವಳೂ ಹೊರಟಳು. ತಲೆಗೆ ಕೇಸರಿ ದುಪಟ್ಟಾ, ಕಣ್ಣಿಗೆ ಕಪ್ಪು ಕನ್ನಡಕ, ಮೂಗಿಗೆ ಮಾಸ್ಕು. ಈ ವೇಷದಲ್ಲಿ ತನ್ನನ್ನು ಹೆತ್ತ ತಾಯಿಯೂ ಗುರುತಿಸಲಾರಳು ಎಂಬ ಧೈರ್ಯ. (ಲಿಫ್ಟಿನಲ್ಲಿ ಸಿಕ್ಕಿದ ಪಕ್ಕದ ಮನೆಯ ಅಂಕಲ್ "ಗುಡ್ ಮಾರ್ನಿಂಗ್ ಹಂಸಾ" ಎಂದದ್ದನ್ನು ಅವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.)

ಗೋಪಿನಾಥ ಎಂಆರ್‌ಟಿ ರೈಲು ಹತ್ತಿ, ಇಳಿದು, ಬಸ್ಸು ಹಿಡಿದು ಕೋವನ್‌ಗೆ ಹೋದ. ಅಲ್ಲಿ ಹಕ್ಕಿಯ ಪಂಜರಗಳನ್ನು ಸಾಲಾಗಿ ತೂಗುಹಾಕಿದ್ದ ಮೂಲೆಯಲ್ಲಿ ಕೂತು ಒಂದು ಗಂಟೆ ಹಕ್ಕಿಗಳ ಕೂಗು ಕೇಳಿದ. ಹಂಸಾ ಪಾರಿಜಾತದಂಥ ಯಾವುದೋ ಮರದ ಹಿಂದೆ ನಿಂತು ಅದನ್ನೇ ಕೇಳಿದಳು. ಹೆಂಗಸಿನ ಸುಳಿವಿಲ್ಲ. ಆದರೆ ಮನೆಗೆ ಬಂದರೆ ಮತ್ತೆ ಸ್ನಾನ, ಜೇಬಿನಲ್ಲಿ ಮತ್ತೆ ಕೆಂಪು ದಾರ. ಕಣ್ಣೆದುರೇ ಇದ್ದವನ ಜೇಬಿಗೆ ದಾರ ಬಂದದ್ದು ಹೇಗೆ? ಮಾಟವೇ ಸರಿ ಎಂದು ಕೌಸಲ್ಯಾ ತೀರ್ಪು ಕೊಟ್ಟಳು.

ಮೂರನೆಯ ವಾರ ವಾಂಪೋ. ಈ ಹೆಸರಿನ ಪೇಟೆ ಈ ಊರಿನಲ್ಲಿದೆ ಎಂಬುದೇ ಹಂಸಾಗೆ ಗೊತ್ತಿರಲಿಲ್ಲ. ಹಳೇ ಮಾರ್ಕೆಟ್ಟು, ಪಕ್ಕದಲ್ಲೊಂದು ಕಾಲುವೆಯಂಥ ಹೊಳೆ, ಬ್ಲಾಕುಗಳ ಕೆಳಗೆ ಗಾಳಿಯಾಡುವ ತೆರೆದ ವಾಯ್ಡ್ ಡೆಕ್ಕು. ಅಲ್ಲಿ ಕಲ್ಲಿನ ಮೇಜಿನ ಬಳಿ ಗಾಲಿಕುರ್ಚಿಯಲ್ಲಿ ಒಬ್ಬ ಚೀನೀ ಅಜ್ಜಿ, ಪಕ್ಕದಲ್ಲಿ ಗಿಡ್ಡ ಕೂದಲಿನ, ನಲವತ್ತೈದರ ಆಸುಪಾಸಿನ ಒಬ್ಬಳು. ಗೋಪಿನಾಥ ನೇರ ಹೋಗಿ ಅವರ ಎದುರು ಕೂತ. ಗಿಡ್ಡ ಕೂದಲಿನವಳು ನಕ್ಕಳು. ಗೋಪಿನಾಥನೂ ನಕ್ಕ. ಮನೆಯಲ್ಲಿ ಅವನ ಅಷ್ಟು ಹಲ್ಲು ಹಂಸಾ ನೋಡಿರಲಿಲ್ಲ.

ಅವಳು ಕಂಬದ ಹಿಂದೆ ಸರಿದು ನಿಂತಳು. ಅಜ್ಜಿ ಇತ್ತ ತಿರುಗಿ ಕೈ ಬೀಸಿದಳು. ಪಾಪ, ಕಣ್ಣು ಮಂಜಾಗಿರಬೇಕು, ಕಂಬಕ್ಕೇ ಕೈ ಬೀಸುತ್ತಿದ್ದಾಳೆ ಎಂದುಕೊಂಡಳು ಹಂಸಾ. ಐದು ನಿಮಿಷಕ್ಕೆ ಕಾಫಿ ಅಂಗಡಿಯ ಅಂಕಲ್ ಒಬ್ಬ ಬಂದು ಏನೂ ಕೇಳದೆ ಅವಳ ಕೈಗೆ ಒಂದು ಕಾಫಿ ಇಟ್ಟು ಹೋದ. ಮರುವಾರವೂ ಅದೇ ಕಂಬ, ಅದೇ ಅಜ್ಜಿ ಕೈ ಬೀಸಿದ್ದು, ಅದೇ ಕಾಫಿ.

"ಆ ಕಡೆ ಹೊಸಬರಿಗೆ ಕಾಫಿ ಫ್ರೀ ಕಣೇ. ಅಲ್ಲಿನ ಪದ್ಧತಿ," ಎಂದು ಕೌಸಲ್ಯಾಗೆ ವರದಿ ಒಪ್ಪಿಸಿದಳು.

"ಕಾಫಿ ಬಿಡು, ಅವಳು ನೋಡೋಕೆ ಹೇಗಿದಾಳೆ?"

"ಗಿಡ್ಡ ಕೂದಲು. ನಮ್ಮನೆಯವರಿಗೆ ಒಂದು ಬಾಳೆಹಣ್ಣು ಸುಲಿದು ಕೊಟ್ಟಳು."

"ಸುಲಿದು ಕೊಟ್ಟಳಾ? ಹಾಗಾದ್ರೆ ಇನ್ನು ತಡ ಮಾಡ್ಬೇಡ," ಎಂದಳು ಕೌಸಲ್ಯಾ.

ಐದನೆಯ ಶನಿವಾರ ಹಂಸಾ ದುಪಟ್ಟಾ, ಕನ್ನಡಕ ಎಲ್ಲ ಬಿಸಾಕಿದಳು. ಇವತ್ತು ಮುಖಾಮುಖಿ. ಬೀರುವಿನ ತಳದಿಂದ ಮದುವೆಯ ಕೆಂಪು ಮೈಸೂರು ರೇಷ್ಮೆ ತೆಗೆದಳು, ಅಗಲ ಜರಿಯದ್ದು. ಬಾಳೆಹಣ್ಣು ಸುಲಿಯುವವಳ ಮುಂದೆ ತಾನು ಕಳಪೆ ಕಾಣಬಾರದು. ಬಳೆ, ಸರ, ಓಲೆ, ಹಣೆಗೆ ರೂಪಾಯಿ ಅಗಲದ ಕುಂಕುಮ. ಈ ಸರ್ವಾಲಂಕೃತ ಮೂರ್ತಿ ಎಂಆರ್‌ಟಿಯಲ್ಲಿ ನಿಂತಾಗ ಮೂವರು ಎದ್ದು ಸೀಟು ಬಿಟ್ಟರು. ದಾರಿಯುದ್ದಕ್ಕೂ ಅವಳು ಹೇಳಬೇಕಾದ್ದನ್ನು ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಬಾಯಿಪಾಠ ಮಾಡಿದಳು.

ವಾಂಪೋಗೆ ಬಂದು ನೋಡಿದರೆ ಅದೇ ವಾಯ್ಡ್ ಡೆಕ್ಕಿಗೆ ಪೆಂಡಾಲು ಹಾಕಿದ್ದಾರೆ. ದುಂಡು ಮೇಜುಗಳು, ಬಿಳಿ ಹೊದಿಕೆ, ತಟ್ಟೆ ತಟ್ಟೆ ಕಡಲೇಕಾಯಿ, ಆಳೆತ್ತರದ ಹೂವಿನ ಅಲಂಕಾರ, ಒಳಗೆಲ್ಲೋ ಮಂತ್ರ, ಗಂಟೆ. ಪಾಸಿರ್ ರಿಸ್‌ನ ತಮ್ಮ ಬ್ಲಾಕಿನ ಕೆಳಗೆ ಮಲಯ್ ಮದುವೆಗಳಿಗೆ ಇಂಥದೇ ಪೆಂಡಾಲು ಹಾಕುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಪೆಂಡಾಲೆಂದರೆ ಮದುವೆ. ಮೊದಲ ಮೇಜಿನಲ್ಲಿ ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಗೋಪಿನಾಥ. ಅವನ ಪಕ್ಕದಲ್ಲಿ, ಅವನ ಕೈ ಹಿಡಿದುಕೊಂಡು, ಬಿಳಿ ಬಟ್ಟೆಯಲ್ಲಿ ಗಿಡ್ಡ ಕೂದಲಿನವಳು.

ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. "ಏನ್ರೀ, ಹದಿನಾರು ವರ್ಷ ಸಂಸಾರ ಮಾಡಿ ಈಗ ಇಲ್ಲಿ ಬಂದು ಮದುವೆ ಮಾಡ್ಕೋತಿದೀರಾ?" ಹಂಸಾಳ ಧ್ವನಿ ಹೊಳೆಯ ಆಚೆ ದಡಕ್ಕೆ ಕೇಳುವಂತಿತ್ತು. ಗಂಟೆ ನಿಂತಿತು. ಮಂತ್ರ ನಿಂತಿತು. ಕಡಲೇಕಾಯಿ ಬಿಡಿಸುತ್ತಿದ್ದ ನಲವತ್ತು ಜನ ತಲೆಯೆತ್ತಿ ಕೆಂಪು ಸೀರೆಯನ್ನು ನೋಡಿದರು.

ಗೋಪಿನಾಥ ಎದ್ದು ಬಂದ. "ಹಂಸಾ, ಮೆಲ್ಲಗೆ. ಇದು ಮದುವೆ ಅಲ್ಲ."

"ಪೆಂಡಾಲ್ ಹಾಕಿದಾರೆ, ಹೂ ಇದೆ, ಪುರೋಹಿತರಿದಾರೆ. ಮದುವೆ ಅಲ್ದೆ ಇನ್ನೇನು?"

"ಅಲ್ಲಿ ನೋಡು."

ಹೂವುಗಳ ನಡುವೆ ದೊಡ್ಡ ಚೌಕಟ್ಟಿನಲ್ಲಿ ಒಂದು ಫೋಟೋ. ಗಾಲಿಕುರ್ಚಿಯ ಅಜ್ಜಿ ನಗುತ್ತಿದ್ದಳು.

"ಬುಧವಾರ ಹೋಗ್ಬಿಟ್ರು. ತೊಂಬತ್ತೊಂದು ವರ್ಷ. ಇವರು ಐರೀನ್, ಅವರ ಮಗಳು. ಈ ಕಡೆ ಸುತ್ತೋಕೆ ಬಂದಾಗ ಇವರ ಜೊತೆ ಕೂತು ಮಾತಾಡ್ತಿದ್ದೆ," ಎಂದ ಗೋಪಿನಾಥ.

ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಹಂಸಾಗೆ. ಸಾವಿನ ಮನೆಗೆ ರೇಷ್ಮೆ ಸೀರೆ ಉಟ್ಟು ಜಗಳಕ್ಕೆ ಬಂದಿದ್ದೇನೆ. ಅವಳಿಗೆ ನಿಜವಾಗಿ ಅಳು ಬಂತು. ಐರೀನ್ ಹತ್ತಿರ ಬಂದಳು. ಬೈಯುತ್ತಾಳೆ ಎಂದು ಹಂಸಾ ತಲೆತಗ್ಗಿಸಿದಳು. ಐರೀನ್ ಅವಳನ್ನು ಮೇಲಿಂದ ಕೆಳಗೆ ನೋಡಿ, ಅತ್ತು ಕೆಂಪಾದ ಕಣ್ಣಲ್ಲೇ ನಕ್ಕುಬಿಟ್ಟಳು.

"ಪಿಲ್ಲರ್ ವೈಫ್, ಇಸ್ ಇಟ್?"

ಮೇಜುಗಳ ಉದ್ದಕ್ಕೂ ಪಿಸುಪಿಸು ಹರಡಿತು. ಪಿಲ್ಲರ್ ವೈಫ್, ಪಿಲ್ಲರ್ ವೈಫ್. ಹಿಂದಿನ ಸಾಲಿನಿಂದ ಕಾಫಿ ಅಂಗಡಿಯ ಅಂಕಲ್ ಹಳೇ ಪರಿಚಯದಂತೆ ಕೈಯೆತ್ತಿದ. ಇಡೀ ಬ್ಲಾಕಿಗೆ ತಾನು ಗೊತ್ತು, ಅದೂ ಕಂಬದ ಹೆಸರಿನಲ್ಲಿ ಎಂಬುದು ಹಂಸಾಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಐರೀನ್ ಹೇಳಿದಳು, ಮೊದಲ ದಿನವೇ ಅಮ್ಮ ನಿಮ್ಮನ್ನು ನೋಡಿ, ಯಾರೆಂದು ನಿಮ್ಮ ಗಂಡನನ್ನೇ ಕೇಳಿದ್ದರು. ನಿನ್ನ ಹೆಂಡತಿ ಕಂಬದ ಹಿಂದೆ ಬಿಸಿಲಲ್ಲಿ ನಿಂತಿದ್ದಾಳೆ, ಅವಳಿಗೊಂದು ಕಾಫಿ ಕೊಡಿಸು ಎಂದು ನಿಮ್ಮ ಗಂಡನಿಗೆ ಗದರಿದ್ದು ಅವರೇ. ಶನಿವಾರ ಬಂದರೆ ಪಿಲ್ಲರ್ ವೈಫ್ ಬಂದಳಾ ಎಂದು ಕೇಳುತ್ತಿದ್ದರು.

ಹಾಗೆ ಹೇಳಿ ಕುರ್ಚಿಯ ಮೇಲಿದ್ದ ತನ್ನ ಬೂದು ಜಾಕೆಟ್ಟನ್ನು, ಚೀನೀ ಸಾವಿನ ಮನೆಯಲ್ಲಿ ಕೂಡದ ಹಂಸಾಳ ಕೆಂಪು ಸೀರೆಯ ಮೇಲೆ ಹೊದಿಸಿದಳು. ಫ್ಯಾನಿನ ಗಾಳಿ ಜಾಸ್ತಿ ಎಂದು ನೆಪ ಹೇಳಿದಳು. ಹಂಸಾ ಫೋಟೋದ ಮುಂದೆ ಕೈಮುಗಿದು ನಿಂತಳು. ಕೈ ಬೀಸಿದ್ದಕ್ಕೆ ಒಂದು ಸಲವಾದರೂ ತಿರುಗಿ ಕೈ ಬೀಸಲಿಲ್ಲವಲ್ಲ ಎಂದು ಮರುಗಿದಳು.

ವಾಪಸ್ ಬರುವ ಬಸ್ಸಿನಲ್ಲಿ ಆರನೆಯ ಸ್ಟಾಪಿಗೆ ತನಿಖಾಧಿಕಾರಿ ಎಚ್ಚೆತ್ತಳು.

"ಮೊದಲನೇ ವಾರದ ದಾರ?"

"ಪೊಟಾಂಗ್ ಪಾಸಿರ್‌ನಲ್ಲಿ ಮಳೆ ಬಂತು. ಕಾಫಿ ಅಂಗಡಿ ಅಂದ್ಕೊಂಡು ಇಂಥದೇ ಒಂದು ಪೆಂಡಾಲಲ್ಲಿ ಕೂತ್ಬಿಟ್ಟೆ. ಕಡಲೇಕಾಯಿ ಕೊಟ್ರು, ತಿಂದೆ. ಏಳೋವಾಗ ಒಳ್ಳೇದಾಗ್ಲಿ ಅಂತ ಕೆಂಪು ದಾರ ಕೊಟ್ರು. ಆಮೇಲೆ ಗೊತ್ತಾಯ್ತು ಸಾವಿನ ಮನೆ ಅಂತ. ಸ್ನಾನ ಮಾಡ್ದೆ ನಿನ್ನ ಹೇಗೆ ಮುಟ್ಲಿ?"

"ಹೇಳ್ಬಹುದಿತ್ತಲ್ಲ."

"ಹೇಳೋಣ ಅಂತ ಬಚ್ಚಲಿಂದ ಬಂದ್ರೆ ನೀನು ಕೌಸಲ್ಯಾಗೆ ಫೋನ್ ಮಾಡಿಬಿಟ್ಟಿದ್ದೆ."

"ಎರಡನೇ ವಾರದ ದಾರ?"

ಗೋಪಿನಾಥ ಕಿಟಕಿಯ ಕಡೆ ತಿರುಗಿದ. ಇಲ್ಲಿ ತಿರುಗಿಸಲು ನಲ್ಲಿ ಇರಲಿಲ್ಲ. "ಅದು ನಿನ್ನ ಹೊಲಿಗೆ ಡಬ್ಬಿದು. ನಾನೇ ತಗೊಂಡು ಜೇಬಲ್ಲಿ ಇಟ್ಟೆ."

"ಯಾಕೆ?"

"ಕೋವನ್‌ಗೆ ಹೋದಾಗ ಸ್ಟೇಷನ್ ಎಸ್ಕಲೇಟರ್‌ನಲ್ಲೇ ನಿನ್ನ ನೋಡ್ದೆ. ಕೇಸರಿ ದುಪಟ್ಟಾ, ಹೇಗೆ ಕಾಣ್ದೆ ಇರುತ್ತೆ? ಹನ್ನೊಂದು ವರ್ಷ ಕರೆದ್ರೂ ಬರದವಳು ತಾನಾಗೇ ಬಂದಿದಾಳೆ. ಅನುಮಾನ ಹೋಗ್ಬಿಟ್ರೆ ಮತ್ತೆ ಮನೇಲೇ ಕೂರ್ತಾಳಲ್ಲ ಅನ್ನಿಸ್ತು. ಅದಕ್ಕೆ ನಿನಗಿಂತ ಮೊದಲು ಮನೆಗೆ ಬಂದು ದಾರ ಇಟ್ಟೆ, ಮತ್ತೆ ಸ್ನಾನಾನೂ ಮಾಡ್ದೆ. ಸಿಗ್ನಲ್ ಹತ್ರ ನೀನು ಬರೋವರೆಗೂ ನಿಂತೆ. ನೆರಳಿರೋ ಬೀದಿ ನೋಡ್ಕೊಂಡು ನಡೆದೆ."

ಹಂಸಾಗೆ ರೇಗಿತು. ನಕಲಿ ಡಿಗ್ರಿಗಳನ್ನು ಇಪ್ಪತ್ತು ನಿಮಿಷದಲ್ಲಿ ಹಿಡಿಯುವವಳು ತನ್ನದೇ ಹೊಲಿಗೆ ಡಬ್ಬಿಯ ದಾರವನ್ನು ಗುರುತಿಸದೆ ನಾಲ್ಕು ವಾರ ಅವನ ಹಿಂದೆ ಸುತ್ತಿದ್ದಳು. ತನಿಖೆ ಎಂದುಕೊಂಡದ್ದೆಲ್ಲ ಪ್ರವಾಸವಾಗಿತ್ತು. ಅದರ ಜೊತೆಗೇ ಇನ್ನೊಂದು ಯೋಚನೆ ಬಂದು ಕೋಪ ಇಳಿಯಿತು: ಈ ಮನುಷ್ಯ ಹನ್ನೊಂದು ವರ್ಷ ಒಬ್ಬನೇ ನಡೆದಿದ್ದಾನೆ. ಅವಳು ಸೆರಗು ಸರಿಮಾಡಿಕೊಂಡು, ಆದಷ್ಟು ಗತ್ತಿನಿಂದ ಕೇಳಿದಳು.

"ಸರಿ, ಮುಂದಿನ ಶನಿವಾರ ಎಲ್ಲಿಗೆ?"

ಗೋಪಿನಾಥ ಅವಳ ಮುಖವನ್ನೇ ನೋಡಿದ. ನಿಜವಾಗಿ ಕೇಳುತ್ತಿದ್ದಾಳೋ, ಮತ್ತೇನಾದರೂ ಪರೀಕ್ಷೆಯೋ ಎಂದು ಅವನಿಗೇ ಅನುಮಾನ.

"ಹೇಳಲ್ಲ," ಎಂದ. "ಹೇಳಿದ್ರೆ ನೀನು ಬರಲ್ಲ."