ಚೂರುಬಟ್ಟೆಯ ಪಾಲುಪಂಚಾಯ್ತಿ

ಕೊಳ್ಳುವುದು, ಮಾರುವುದು ಬಹಳ ಸುಲಭದ ಕೆಲಸ. ಎದುರಿಗಿರುವವರು ಗುರುತಿಲ್ಲದವರಾಗಿರಬೇಕು, ಅಷ್ಟೆ. ಗುರುತಿಲ್ಲದವನ ಹತ್ತಿರ ನಾವು ನಾಲ್ಕು ಬದನೆಕಾಯಿಗೆ ಅರ್ಧ ಗಂಟೆ ಜಗಳವಾಡಬಲ್ಲೆವು, ತಕ್ಕಡಿಯನ್ನು ತಿರುಗಿಸಿ ನೋಡಬಲ್ಲೆವು, ಇನ್ನು ನಿನ್ನ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದು ಶಪಥ ಮಾಡಿ ಮರುದಿನ ಬೆಳಿಗ್ಗೆ ಅಲ್ಲಿಗೇ ಚೀಲ ಹಿಡಿದುಕೊಂಡು ಹೋಗಬಲ್ಲೆವು. ಅದೇ ವ್ಯವಹಾರ ಪಕ್ಕದ ಮನೆಯವರ ಜೊತೆ, ಅದೂ ಎರಡು ಕಡೆಯವರೂ ಮರ್ಯಾದಸ್ಥರಾಗಿದ್ದರೆ, ದೇವರೇ ಗತಿ. ಈ ಸತ್ಯ ನನಗೆ ಮೊದಲೇ ಹೊಳೆಯಬೇಕಾಗಿತ್ತು. ಆಗ ನಾನು ದೊಡ್ಡಬಳ್ಳಾಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಮಧುರೆ ಹೋಬಳಿಯಿಂದಲೋ ದೊಡ್ಡಬೆಳವಂಗಲದಿಂದಲೋ ಅಣ್ಣತಮ್ಮಂದಿರು ಬಂದು ಅಪ್ಪನ ಜಮೀನನ್ನು ಪಾಲು ಮಾಡಿಕೊಂಡು ಹೋಗುವುದನ್ನು ದಿನಾ ನೋಡಿ ನೋಡಿ, ಪ್ರಪಂಚದಲ್ಲಿ ಪಾಲು ಮಾಡಲಾಗದ್ದು ಯಾವುದೂ ಇಲ್ಲವೆಂಬ ಭಂಡಧೈರ್ಯ ಬಂದಿತ್ತು. ಆ ವಿದ್ಯೆಯನ್ನು ಸಂಜೆ ಕಚೇರಿಯಲ್ಲೇ ಬಿಟ್ಟು ಬಂದಿದ್ದರೆ ಇವತ್ತು ನನ್ನ ಹತ್ತಿರ ಒಂದು ಒಳ್ಳೆಯ ಅಂಗಿಯಾದರೂ ಉಳಿದಿರುತ್ತಿತ್ತು.

ನನ್ನ ಹೆಂಡತಿ ಲಲಿತೆಗೆ ಕೌದಿ ಹೊಲಿಯುವ ಹುಚ್ಚು. ಹೊದೆಯಲು ಕಂಬಳಿ ಇಲ್ಲದೆ ಹಳೆಯ ಬಟ್ಟೆ ಪೇರಿಸಿ ಹೊಲಿಯುವವರು ಬೇರೆ. ಅವರ ಕೆಲಸ ಕೌದಿ ಮುಗಿದ ದಿನ ಮುಗಿಯುತ್ತದೆ. ಇವಳದು ಹಾಗಲ್ಲ. ಒಂದು ಮುಗಿಯುವ ಮೊದಲೇ ಇನ್ನೊಂದರ ಅಂಚಿಗೆ ಏನು ಹಾಕಲಿ ಎಂಬ ಚಿಂತೆ. ನಮ್ಮ ಮಂಚದ ಕೆಳಗೆ ಒಂದು ಕಬ್ಬಿಣದ ಟ್ರಂಕು ಇತ್ತು. ಅದರಲ್ಲಿ ಅವಳ ಸೋದರತ್ತೆಯ ಸೀರೆಯ ಸೆರಗಿನಿಂದ ಹಿಡಿದು ನಮ್ಮ ಮಗಳು ಸುಮಿತ್ರೆ ಮೊದಲು ಸ್ಕೂಲಿಗೆ ಹಾಕಿಕೊಂಡು ಹೋದ ಲಂಗದವರೆಗೆ ನಮ್ಮ ವಂಶದ ಇತಿಹಾಸವೆಲ್ಲ ಚೌಕ ಚೌಕವಾಗಿ ಕತ್ತರಿಸಿ ಬಿದ್ದಿತ್ತು. ಬಟ್ಟೆ ಹರಿಯುವುದು ನಮ್ಮ ಮನೆಯಲ್ಲಿ ದುಃಖದ ವಿಷಯವೇ ಅಲ್ಲ. ಮಗಳ ಮದುವೆಗೆಂದು ನಾನು ಹೊಲಿಸಿಕೊಂಡ ನೀಲಿ ಗೀರಿನ ಹತ್ತಿಯ ಅಂಗಿ ಒಂದಿತ್ತು. ಒಗೆದೂ ಒಗೆದೂ ಬೆಣ್ಣೆಯಂತೆ ಮೆತ್ತಗಾಗಿತ್ತು. ಬೆಳಿಗ್ಗೆ ನಾನು ಅದನ್ನು ಹಾಕಿಕೊಂಡು ಹೊರಟರೆ ಲಲಿತೆ ಬಾಗಿಲವರೆಗೆ ಬಂದು, ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, “ಒಳ್ಳೇ ಹದಕ್ಕೆ ಬಂದಿದೆ ಕಣ್ರೀ” ಎನ್ನುತ್ತಿದ್ದಳು. ಹಲಸಿನ ಹಣ್ಣಿಗೆ ಆಡುವ ಮಾತು. ಇನ್ನೂ ಎರಡು ವರ್ಷ ಬರುತ್ತದೆ ಎಂದು ಹೇಳಿ ನಾನು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದೆ.

ಈ ಹುಚ್ಚಿಗೆ ಪಕ್ಕದ ಮನೆಯಲ್ಲೊಬ್ಬರು ಜೊತೆ ಇದ್ದರು, ಪುಟ್ಟತಾಯಮ್ಮ. ಮಧುರೆಯ ಕಡೆ ಒಕ್ಕಲು ಮನೆತನದಲ್ಲಿ ಹುಟ್ಟಿದವರು. ಅವರ ಯಜಮಾನರು ಮನೆಯ ಹಿಂಭಾಗದಲ್ಲೇ ಮಗ್ಗ ಹಾಕಿಕೊಂಡಿದ್ದರು. ಊರ ತುಂಬ ಮಗ್ಗಗಳಿದ್ದ ಮೇಲೆ ತುಂಡುಬಟ್ಟೆಗೇನು ಬರ? ಪುಟ್ಟತಾಯಮ್ಮನವರ ಮನೆಯಲ್ಲಿ ಅದು ತೂಕಕ್ಕೆ ಇತ್ತು. ನಮ್ಮ ಮನೆಯಲ್ಲಿ ಹೂವಿನ ಚೀಟಿಬಟ್ಟೆ ಹೆಚ್ಚು, ಅವರಲ್ಲಿ ಬಣ್ಣದ ಬಟ್ಟೆ ಹೆಚ್ಚು. ಇವರಿಗೆ ಬೇಡವಾದದ್ದು ಅವರಿಗೆ ಬೇಕು, ಅವರಿಗೆ ಬೇಡವಾದದ್ದು ಇವರಿಗೆ ಬೇಕು. ಇದಕ್ಕಿಂತ ಸಲೀಸಾದ ವ್ಯಾಪಾರ ಇರಲು ಸಾಧ್ಯವೇ?

ಸಾಧ್ಯವಿತ್ತು. ಹಳೇ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಬೀದಿಗೆ ಬಂದಾಗ ನೀವು ಲಲಿತೆಯನ್ನು ನೋಡಬೇಕು. ಒಂದು ಹರಕು ಪಂಚೆಗೆ ತಟ್ಟೆ ಕೇಳಿ, ಲೋಟಕ್ಕೆ ಇಳಿದು, ಕೊನೆಗೆ ಲೋಟದ ಜೊತೆ ಚಮಚ ಕಿತ್ತುಕೊಳ್ಳುತ್ತಿದ್ದಳು. ಅದೇ ಲಲಿತೆ ಪುಟ್ಟತಾಯಮ್ಮನವರ ಮುಂದೆ ಕೂತರೆ ಬಾಯಲ್ಲಿ ಬೆಣ್ಣೆ. ಒಳ್ಳೆಯ ಸೀರೆಯ ಅರ್ಧವನ್ನೇ ಎತ್ತಿ ಕೊಟ್ಟು, “ಅಯ್ಯೋ, ನಮಗೆ ಬೇಡವಾಗಿದ್ದು ಬಿಡಿ” ಎನ್ನುವಳು. ಅವರು ಬದಲಿಗೆ ಏನು ಕೊಡಲಿ ಎಂದರೆ, “ನೀವು ಏನು ಕೊಟ್ರೂ ಸರಿ” ಎನ್ನುವಳು. ಅವರು ಈ ಮಾತನ್ನು ನಂಬಿ ಬಣ್ಣ ಹೋದ ದಿಂಬಿನ ಗವಸು ಕೊಡುವರು. ಇವಳು ನಗುನಗುತ್ತಾ ತೆಗೆದುಕೊಂಡು ಮನೆಗೆ ಬಂದು, ಬಾಗಿಲು ಹಾಕಿ, ಆ ಸೀರೆಯ ನಿಜವಾದ ಬೆಲೆ ಎಷ್ಟೆಂಬುದನ್ನು ನನಗೆ ಹೇಳುವಳು. ಗೋಡೆಯಾಚೆ ಪುಟ್ಟತಾಯಮ್ಮನವರು ತಮ್ಮ ಗವಸಿನ ಬೆಲೆಯನ್ನು ತಮ್ಮ ಯಜಮಾನರಿಗೆ ಹೇಳುತ್ತಿದ್ದರಂತೆ. ಪಾಪ, ಆ ಯಜಮಾನರಿಗೆ ಮಗ್ಗದ ಸದ್ದಾದರೂ ಇತ್ತು.

ಹೀಗಿರುವಾಗ ಸುಮಿತ್ರೆ ಚೊಚ್ಚಲ ಹೆರಿಗೆಗೆ ತವರಿಗೆ ಬರುವ ಕಾಲ ಹತ್ತಿರವಾಯಿತು. ಕಾರ್ತಿಕದ ಚಳಿ ಬೇರೆ. ಮೊಮ್ಮಗುವಿಗೆ ಪುಟ್ಟದೊಂದು ಕೌದಿ ಹೊಲಿಯಬೇಕೆಂದು ಲಲಿತೆ ಸುತ್ತಲಿನ ಪಟ್ಟಿಯನ್ನೆಲ್ಲ ಹೊಲಿದು ಮುಗಿಸಿದಳು. ನಡುವಿನ ಚೌಕಕ್ಕೆ ಮಾತ್ರ ಕೆಂಪು ಬೇಕು. ಕೆಂಪೆಂದರೆ ಎಂಥದೋ ಒಂದು ಕೆಂಪಲ್ಲ, ಪುಟ್ಟತಾಯಮ್ಮನವರ ತಂತಿಯ ಮೇಲೆ ಒಣಗುತ್ತಿದ್ದಾಗ ಇವಳು ಕಂಡ ಕೆಂಪು. ನನಗೂ ಅದು ಬೇಕೆನಿಸಿತು ಎಂದರೆ ನಗಬೇಡಿ. ಮೊದಲ ಮೊಮ್ಮಗು ಬರುವುದೆಂದರೆ ಗಂಡಸಿಗೂ ಒಳಗೊಳಗೇ ಏನೋ ಆಗುತ್ತದೆ. ತೋರಿಸಿಕೊಳ್ಳಲು ಕೌದಿ ಹೊಲಿಯುವ ವಿದ್ಯೆಯೊಂದು ಬರುವುದಿಲ್ಲ. ಹೋಗಿ ಕೇಳಬಾರದೇ ಎಂದೆ. ಲಲಿತೆ ನನ್ನನ್ನು ಯಾವುದೋ ಕಾಡಿನಿಂದ ಬಂದವನಂತೆ ನೋಡಿ, “ಬಾಯಿಬಿಟ್ಟು ಕೇಳೋದಾ?” ಎಂದಳು.

ಆಗಲೇ ನನ್ನೊಳಗಿನ ಗುಮಾಸ್ತ ಎದ್ದು ಕೂತ. ನಮ್ಮ ಸೀಮೆಯಲ್ಲಿ ಜಮೀನು ಪಾಲು ಮಾಡುವುದಕ್ಕೆ ಒಂದು ಹಳೆಯ ಕ್ರಮವುಂಟು. ಹಿರಿಯ ಭಾಗ ಮಾಡಬೇಕು, ಕಿರಿಯ ಮೊದಲು ಆರಿಸಿಕೊಳ್ಳಬೇಕು. ಉಳಿದದ್ದು ತನಗೇ ಬರುತ್ತದೆಂದು ಗೊತ್ತಿರುವುದರಿಂದ ಹಿರಿಯ ಎರಡೂ ಭಾಗ ಸಮವಾಗಿರುವಂತೆ ನೋಡಿಕೊಳ್ಳುತ್ತಾನೆ. ಎಷ್ಟು ನ್ಯಾಯ, ಎಷ್ಟು ಸರಳ! ಇಬ್ಬರೂ ತಮ್ಮಲ್ಲಿ ಹೆಚ್ಚಾಗಿರುವ ಬಟ್ಟೆಯನ್ನೆಲ್ಲ ತಂದು ಒಂದೆಡೆ ಸುರಿಯಿರಿ, ಒಬ್ಬರು ಎರಡು ರಾಶಿ ಮಾಡಿ, ಇನ್ನೊಬ್ಬರು ಆರಿಸಿಕೊಳ್ಳಿ ಎಂದು ತೀರ್ಪು ಕೊಟ್ಟೆ. ತಮ್ಮ ತಂದೆಯ ಜಮೀನೂ ಹೀಗೇ ಪಾಲಾದದ್ದು ಎಂದು ಪುಟ್ಟತಾಯಮ್ಮನವರು ಒಪ್ಪಿದರು. ಆಮೇಲೆ ಆ ಅಣ್ಣತಮ್ಮಂದಿರು ಮಾತಾಡುತ್ತಿದ್ದಾರೆಯೇ ಎಂದು ನಾನು ಕೇಳಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ನಮ್ಮ ಜಗಲಿಯ ಮೇಲೆ ಪಂಚಾಯ್ತಿ ಸೇರಿತು. ಚಾಪೆಯ ಮೇಲೆ ಬಟ್ಟೆ ಸುರಿದದ್ದಾಯಿತು. ಆ ಕೆಂಪು ತುಂಡೂ ಬಂದಿತ್ತು, ತಂತಿಯ ಮೇಲೆ ಎಲ್ಲರೂ ಕಂಡದ್ದನ್ನು ಬಚ್ಚಿಡುವುದು ಹೇಗೆ? ಮೊದಲ ತೊಡಕು ಅಲ್ಲೇ ಬಂತು. ಹಿರಿಯರು ಭಾಗ ಮಾಡಬೇಕು ಎಂದೆನಲ್ಲ, ಇಬ್ಬರಲ್ಲಿ ಹಿರಿಯರು ಯಾರು? ಅಣ್ಣತಮ್ಮಂದಿರಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಇಲ್ಲಿ ಇಬ್ಬರೂ ಬಟ್ಟೆಯ ರಾಶಿಯನ್ನೇ ನೋಡುತ್ತಾ ಕೂತರು. ಕೊನೆಗೆ, ವಯಸ್ಸಿಗೂ ಇದಕ್ಕೂ ಸಂಬಂಧವಿಲ್ಲ, ಈ ಬೀದಿಗೆ ಮೊದಲು ಬಂದವರು ಭಾಗ ಮಾಡಲಿ ಎಂದು ನಾನೇ ಕಾನೂನು ತಿದ್ದಿದೆ. ಪುಟ್ಟತಾಯಮ್ಮನವರು ನಿಟ್ಟುಸಿರು ಬಿಟ್ಟು ಸೆರಗು ಸಿಕ್ಕಿಸಿಕೊಂಡು ಭಾಗ ಮಾಡತೊಡಗಿದರು.

ಅವರು ಮಾಡಿದ ಭಾಗವನ್ನು ನೋಡಿ ನನಗೆ ತಲೆ ತಿರುಗಿತು. ಒಂದು ಕಡೆ ಕೆಂಪು ತುಂಡು, ನಮ್ಮ ಹೂವಿನ ಚೀಟಿಬಟ್ಟೆ, ಗಿಳಿಹಸಿರು, ಅರಿಸಿನದ ಬಣ್ಣದ ತೆಳು ಮಲ್ಲುಬಟ್ಟೆ, ಒಳ್ಳೆಯದೆಂಬುದೆಲ್ಲ. ಇನ್ನೊಂದು ಕಡೆ ಖಾಕಿ ಚಡ್ಡಿಯ ಹಿಂಭಾಗ, ಮೈದಾ ಹಿಟ್ಟಿನ ಚೀಲದ ಬಟ್ಟೆ, ಕೊಡೆಯಿಂದ ಕಿತ್ತ ಕಪ್ಪು ಚೂರು. ಈಕೆಗೆ ಲೆಕ್ಕವೇ ತಿಳಿಯಲಿಲ್ಲವಲ್ಲ, ಲಲಿತೆ ದೊಡ್ಡ ರಾಶಿಯನ್ನು ಎತ್ತಿಕೊಂಡರೆ ಇವರ ಗತಿಯೇನು ಎಂದು ಮರುಗಿದೆ. ಲಲಿತೆ ಕೆಂಪು ತುಂಡನ್ನು ಒಮ್ಮೆ ನೋಡಿದಳು. ಆಮೇಲೆ ಕೈ ನೀಡಿ ಖಾಕಿ ಚಡ್ಡಿಯನ್ನು ತನ್ನ ಕಡೆ ಎಳೆದುಕೊಂಡು, ನನಗೆ ಇಷ್ಟು ಸಾಕು ಎಂದಳು.

ಆಗ ನನಗೆ ಬೆಳಕಾಯಿತು. ತಿಳಿಯದೆ ಇದ್ದದ್ದು ನನಗೆ. ಮರ್ಯಾದಸ್ಥ ಹೆಂಗಸು ಎದುರಿಗೇ ದೊಡ್ಡ ಪಾಲಿಗೆ ಕೈ ಹಾಕುವುದುಂಟೇ? ಆರಿಸುವವಳು ಸಣ್ಣದನ್ನೇ ಆರಿಸುತ್ತಾಳೆ, ಆದ್ದರಿಂದ ಭಾಗ ಮಾಡುವವಳು ತನಗೆ ಬೇಕಾದದ್ದನ್ನೆಲ್ಲ ಒಂದೇ ಕಡೆ ಇಟ್ಟರಾಯಿತು. ತಲೆತಲಾಂತರದಿಂದ ಬಂದ ನ್ಯಾಯವನ್ನು ಪುಟ್ಟತಾಯಮ್ಮನವರು ಮರ್ಯಾದೆಯಿಂದಲೇ ಬುಡಮೇಲು ಮಾಡಿದ್ದರು. ನನಗೋ, ಆ ಸಂಜೆ ಬಾಗಿಲು ಹಾಕಿಕೊಂಡು ನಾನು ಕೇಳಬೇಕಾದ ಮಾತುಗಳೆಲ್ಲ ಕಿವಿಯಲ್ಲಿ ಮೊಳಗತೊಡಗಿದವು. ಮೊಮ್ಮಗು ಖಾಕಿ ಚಡ್ಡಿಯ ಮೇಲೆ ಮಲಗಿದಂತೆ ಕಣ್ಣಿಗೆ ಕಟ್ಟಿತು. ತಡೆಯಲಾಗಲಿಲ್ಲ. ಇವಳಿಗೆ ಸಂಕೋಚ, ಇವಳ ಪರವಾಗಿ ನಾನೇ ಆರಿಸುತ್ತೇನೆ ಎಂದು ಹೇಳಿ, ದೊಡ್ಡ ರಾಶಿಯನ್ನು ಪುಟ್ಟತಾಯಮ್ಮನವರು ಬಟ್ಟೆ ಕಟ್ಟಿ ತಂದಿದ್ದ ಅವರದೇ ವಸ್ತ್ರದಲ್ಲಿ ಗಂಟು ಕಟ್ಟಿ ಎತ್ತಿಕೊಂಡೆ.

ಪುಟ್ಟತಾಯಮ್ಮನವರು ಎದ್ದು, “ತಗೊಳ್ಳಿ ಸ್ವಾಮಿ, ಆಸೆಪಟ್ಟಿದ್ದೀರ” ಎಂದು ಹೇಳಿ, ಮೈದಾ ಚೀಲವನ್ನು ಮಡಿಸಿಕೊಂಡು ಹೊರಟುಹೋದರು. ಕಾಫಿಯನ್ನೂ ಕುಡಿಯಲಿಲ್ಲ. ಗೆದ್ದ ವಕೀಲನಂತೆ ನಾನು ಲಲಿತೆಯ ಕಡೆ ತಿರುಗಿದರೆ ಅವಳ ಕಣ್ಣಲ್ಲಿ ನೀರು. ಆನಂದಬಾಷ್ಪವೆಂದೇ ತಿಳಿದೆ.

“ನಾನು ಆ ಖಾಕಿ ತಗೊಂಡಿದ್ದಿದ್ರೆ ನಾಳೆ ಬೆಳಿಗ್ಗೆ ಅವರೇ ಆ ಕೆಂಪು ತುಂಡು ತಂದು ಕೊಡೋರು” ಎಂದಳು ಲಲಿತೆ. “ಅವರು ಕೊಟ್ಟು ನಾನು ತಗೊಳೋದು ಬೇರೆ. ನೀವು ಎತ್ಕೊಂಡ್ಬಿಟ್ರಲ್ಲ. ಈಗ ಯಾವ ಮುಖ ಇಟ್ಕೊಂಡು ಇದನ್ನ ಹೊಲೀಲಿ?”

ಮರ್ಯಾದೆಗೆ ಎರಡನೆಯ ಕಂತು ಇರುತ್ತದೆಂದು ನಮ್ಮ ಕಚೇರಿಯ ಯಾವ ಕಡತದಲ್ಲೂ ಬರೆದಿರಲಿಲ್ಲ. ಬೀದಿಯಲ್ಲಿ ನನಗೆ ಹೆಸರು ಬಂತು. ಹೆಂಗಸರ ಚಿಂದಿಗೆ ಕೈ ಹಾಕಿದ ಗುಮಾಸ್ತ ಎಂದು. ಮಾರನೆಯ ವಾರ ಕಚೇರಿಗೆ ಬಂದ ರೈತರೊಬ್ಬರು ತಮ್ಮ ಪಾಲುಪಟ್ಟಿಯ ವಿಷಯವನ್ನು ನನ್ನ ಹತ್ತಿರ ಹೇಳದೆ ಪಕ್ಕದ ಮೇಜಿಗೆ ಹೋದಾಗ, ಸುದ್ದಿ ಅಲ್ಲಿಗೂ ಮುಟ್ಟಿದೆಯೇ ಎಂದು ಅನುಮಾನವಾಯಿತು. ಮನೆಯಲ್ಲಿ ಗಂಟು ಮಾತ್ರ ಕುರ್ಚಿಯ ಮೇಲೆ ಬಿಚ್ಚದೆ ಕೂತಿತ್ತು. ಕೂರಲು ನನಗೆ ಕುರ್ಚಿಯೂ ಇಲ್ಲ. ಲಲಿತೆ ನಡುವಿಗೆ ಯಾವುದೋ ಹಳದಿ ತುಂಡು ಹಾಕಿ ಕೌದಿ ಮುಗಿಸಿದಳು. ಅಷ್ಟರಲ್ಲಿ ಒಂದು ದಿನ ಗಂಟು ಕಾಣಲಿಲ್ಲ, ಟ್ರಂಕಿಗೆ ಸೇರಿರಬೇಕೆಂದುಕೊಂಡೆ. ಅದೇ ಹೊತ್ತಿಗೆ ನನ್ನ ನೀಲಿ ಗೀರಿನ ಅಂಗಿಯೂ ಕಾಣಲಿಲ್ಲ. ಕೇಳಿದರೆ ಲಲಿತೆ, ಈಚೆಗೆ ಗಾಳಿ ಜೋರು, ತಂತಿಯಿಂದ ಹಾರಿಹೋಗಿರಬಹುದು ಎಂದಳು. ನಾನು ಪೆದ್ದನಂತೆ ಹಿಂದಿನ ಬೇಲಿಯುದ್ದಕ್ಕೂ ಹುಡುಕಿ ಬಂದೆ.

ಸುಮಿತ್ರೆಗೆ ಹೆಣ್ಣುಮಗುವಾಯಿತು. ನಾಮಕರಣದ ದಿನ ಪುಟ್ಟತಾಯಮ್ಮನವರು ಅರಿಸಿನ ಕುಂಕುಮಕ್ಕೆ ಬರುತ್ತಾರೋ ಇಲ್ಲವೋ ಎಂದು ನಾನು ಬಾಗಿಲನ್ನೇ ನೋಡುತ್ತಿದ್ದೆ. ಬಂದರು. ಕಂಕುಳಲ್ಲಿದ್ದ ಗಂಟನ್ನು ಬಿಚ್ಚಿ ಪುಟ್ಟದೊಂದು ಕೌದಿಯನ್ನು ತೊಟ್ಟಿಲ ಪಕ್ಕ ಹಾಸಿದರು. ನಡುವೆ ಆ ಕೆಂಪು, ಸುತ್ತಲೂ ನಮ್ಮ ಹೂವಿನ ಚೀಟಿಬಟ್ಟೆ. ಆ ಭಾನುವಾರ ಅವರು ಒಳ್ಳೆಯದನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕಿಕೊಂಡದ್ದು ನನ್ನ ಮೊಮ್ಮಗಳಿಗೆ. ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಅಂಚನ್ನು ನೋಡುವವರೆಗೆ ಎರಡೂ ಇದ್ದವು. ಅಂಚಿನುದ್ದಕ್ಕೂ ನೀಲಿ ಗೀರು. ಒಂದು ಮೂಲೆಯಲ್ಲಿ ಜೇಬು ಕೂಡ ಹಾಗೇ ಇತ್ತು.

ಲಲಿತೆಯ ಮುಖ ನೋಡಿದೆ. ಕಡ ತಂದ ಪಾತ್ರೆಯನ್ನು ಅವಳು ಯಾವತ್ತೂ ಬರಿದಾಗಿ ಹಿಂತಿರುಗಿಸಿದವಳಲ್ಲ. ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿಯೇ ಕೊಡುವಳು. ಅವಳು ನನಗಷ್ಟೇ ಕೇಳುವಂತೆ, “ಗಂಟು ವಾಪಸ್ ಕೊಡೋವಾಗ ಬರೀ ಗಂಟು ಕೊಡೋಕಾಗತ್ತೇನ್ರೀ?” ಎಂದಳು.

ಮಗುವನ್ನು ಕೌದಿಯ ಮೇಲೆ ಮಲಗಿಸಿದರು. ಅದು ಸ್ವಲ್ಪ ಹೊತ್ತು ಸೂರು ನೋಡಿ, ನನ್ನ ಜೇಬಿನ ಕಡೆಯನ್ನು ಸರಿಯಾಗಿ ನೋಡಿಕೊಂಡು ಒದ್ದೆ ಮಾಡಿತು. ಬೀದಿಯ ಹೆಂಗಸರೆಲ್ಲ ಇದ್ದರು. ಪುಟ್ಟತಾಯಮ್ಮನವರು ಬಹಳ ಸಂಕೋಚದಿಂದ ನನ್ನ ಕಡೆ ತಿರುಗಿದರು.

“ಅಂಗಿ ಇನ್ನೂ ಗಟ್ಟಿಯಾಗಿತ್ತು ಸ್ವಾಮಿ, ಕತ್ತರಿ ಹಾಕೋಕೆ ನಂಗೇ ಮನಸ್ಸು ಬರ್ಲಿಲ್ಲ. ನೀವೇ ಬಲವಂತ ಮಾಡಿ ಕಳಿಸಿದ್ರಂತೆ.”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

“ಅಯ್ಯೋ, ನಮಗೆ ಬೇಡವಾಗಿದ್ದು ಬಿಡಿ” ಎಂದೆ.

ಬಹಳ ದಿನಗಳ ಮೇಲೆ ಲಲಿತೆ ನನ್ನನ್ನು ಮೆಚ್ಚುಗೆಯಿಂದ ನೋಡಿದಳು. ಆಮೇಲೆ ಅವಳ ದೃಷ್ಟಿ ನಿಧಾನವಾಗಿ, ನಾನು ಆಗ ಹಾಕಿಕೊಂಡಿದ್ದ ಅಂಗಿಯ ಮೇಲೆ ಇಳಿಯಿತು.